ಸ್ಟ್ಯಾನ್ ರಿಡ್ಜ್‌ವೇ 'ದಿ ಬಿಗ್ ಹೀಟ್': ಕತೆ ಗೊತ್ತಾದ ಮೇಲೆ ಹಾಡನ್ನು ಮತ್ತೆ ಯಾಕೆ ಕೇಳಬೇಕು?

ಕತ್ತಲೆಕೋಣೆ
ಅಮೆರಿಕದ ಹಾಡುಗಾರ ಸ್ಟ್ಯಾನ್ ರಿಡ್ಜ್‌ವೇ 1986ರಲ್ಲಿ ತಂದ 'ದಿ ಬಿಗ್ ಹೀಟ್' ಬಗ್ಗೆ ಇಲ್ಲಿ ಯಾರೂ ಮಾತಾಡಿದ ಹಾಗಿಲ್ಲ. ಅದಕ್ಕೇ ಶುರು ಮಾಡುತ್ತಿದ್ದೇನೆ. ವಾಲ್ ಆಫ್ ವೂಡೂ ಬ್ಯಾಂಡ್ ಬಿಟ್ಟ ಮೇಲೆ ಬಂದ ಆತನ ಮೊದಲ ಸೋಲೋ ಆಲ್ಬಂ ಇದು. ಒಂಬತ್ತು ಹಾಡು, ಹೆಚ್ಚಿನವು ಕತೆಗಳೇ. ಒಂದರಲ್ಲಿ ಟ್ಯಾಕ್ಸಿ ಡ್ರೈವರ್, ಒಂದರಲ್ಲಿ ಊರೂರು ಅಲೆಯುವ ಸೇಲ್ಸ್‌ಮನ್, ಒಂದರಲ್ಲಿ ಯಾರದೋ ಬೆನ್ನು ಹತ್ತಿದ ಪತ್ತೇದಾರ, ಕೊನೆಯದರಲ್ಲಿ ವಿಯೆಟ್ನಾಂ ಕಾಡಿನಲ್ಲಿ ಸಿಕ್ಕಿಬಿದ್ದ ಸಿಪಾಯಿ.

ಆ ಕೊನೆಯ ಹಾಡೇ 'ಕ್ಯಾಮಫ್ಲಾಜ್'. ಕೇಳದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಬಂದೂಕು ಕೈಕೊಟ್ಟು ಒಂಟಿಯಾದ ಸಿಪಾಯಿಯ ಪಕ್ಕ ಒಬ್ಬ ದೈತ್ಯ ಮರೀನ್ (ಕಡಲಿನಿಂದ ಇಳಿದು ಕಾದುವ ಅಮೆರಿಕದ ಪಡೆಯವನು) ಪ್ರತ್ಯಕ್ಷನಾಗುತ್ತಾನೆ. ಹೆಸರು ಕ್ಯಾಮಫ್ಲಾಜ್. ರಾತ್ರಿಯಿಡೀ ಇಬ್ಬರೂ ಸೇರಿ ಹೋರಾಡುತ್ತಾರೆ. ಬೆಳಿಗ್ಗೆ ಕ್ಯಾಂಪಿಗೆ ಬಂದರೆ ಆ ಮರೀನ್ ಹಿಂದಿನ ರಾತ್ರಿಯೇ ಸತ್ತಿದ್ದಾನೆ ಅಂತ ತಿಳಿಯುತ್ತದೆ.

ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತು. ಎರಡನೇ ಸಲ ಏನೂ ಆಗಲಿಲ್ಲ. ಗುಟ್ಟು ಗೊತ್ತಾದ ಮೇಲೆ ಏಳು ನಿಮಿಷ ಯಾಕೆ ಕೂರಬೇಕು ಹೇಳಿ? ಕತೆ ಹೇಳುವ ಹಾಡುಗಳ ಹಣೆಬರಹವೇ ಇಷ್ಟಾ? ಇನ್ನೊಂದು, ಇದನ್ನು ನ್ಯೂ ವೇವ್ (ಪಂಕ್ ರಾಕ್ ಬೆನ್ನಿಗೇ ಬಂದ, ಸಿಂಥ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡು ಜಾಸ್ತಿ ಇರುವ ಶೈಲಿ) ಅಂತ ಯಾಕೆ ಕರೆಯುತ್ತಾರೆ? ನನಗೆ ಅರ್ಧ ಕೌಬಾಯ್ ಸಿನಿಮಾ ಕೇಳಿದ ಹಾಗಾಯಿತು.

ಬಡಗುತಿಟ್ಟು
ರಾವಣ ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ಬೆಳಗಿನ ತನಕ ಯಕ್ಷಗಾನದ ಆಟ ನೋಡುವುದಿಲ್ವಾ ಮಾರಾಯ್ರೆ? ಕತೆ ಗೊತ್ತಿರುವುದು ಒಂದು ಸಮಸ್ಯೆಯೇ ಅಲ್ಲ.

ಕತ್ತಲೆಕೋಣೆ
ಆಟದ ಮಾತು ಬೇರೆ. ಅಲ್ಲಿ ಅರ್ಥ ಹೇಳುವವರು ಪ್ರತಿ ರಾತ್ರಿ ಹೊಸದಾಗಿ ಮಾತು ಕಟ್ಟುತ್ತಾರೆ. ನಿನ್ನೆ ಹೇಳಿದ್ದನ್ನು ಇವತ್ತು ಹೇಳುವುದಿಲ್ಲ. ರೆಕಾರ್ಡು ಹಾಗಲ್ಲ, ಎಷ್ಟು ಸಲ ಹಾಕಿದರೂ ಅದೇ ಉಸಿರು, ಅದೇ ಕೆಮ್ಮು.

ಮೌತ್‌ಆರ್ಗನ್_ಮಾಮ
ನೀವು ಅದನ್ನು ಕೊನೆಗೆ ಒಡೆಯುವ ಗುಟ್ಟಿನ ಕತೆ ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಅಲ್ಲಿ ಗುಟ್ಟೇ ಇಲ್ಲ. ಆ ಮನುಷ್ಯ ತಾಳೆಮರವನ್ನು ಬುಡಸಮೇತ ಕಿತ್ತು ಶತ್ರುಗಳಿಗೆ ಬೀಸುತ್ತಾನೆ. ಹಾರಿ ಬರುವ ಗುಂಡುಗಳನ್ನು ಕೈಯಲ್ಲಿ ತಳ್ಳುತ್ತಾನೆ. ಇಷ್ಟು ಕೇಳಿದ ಮೇಲೂ ಅವನು ಮಾಮೂಲಿ ಮನುಷ್ಯ ಅಂತ ಯಾರಾದರೂ ನಂಬುತ್ತಾರಾ? ಕೇಳುವವನಿಗೆ ಅರ್ಧ ದಾರಿಯಲ್ಲೇ ಗೊತ್ತಾಗಿರುತ್ತದೆ. ಗೊತ್ತಾಗದೇ ಉಳಿಯುವುದು ಹಾಡಿನೊಳಗಿನ ಸಿಪಾಯಿಗೆ ಮಾತ್ರ. ಮಜಾ ಇರುವುದು ಅಲ್ಲಿ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಅವನು ಪೂರ್ತಿ ಸೀರಿಯಸ್ಸಾಗಿ ಹೇಳುತ್ತಲೇ ಹೋಗುತ್ತಾನೆ.

ಅಮೆರಿಕದಲ್ಲಿ ಈ ಜಾತಿಯ ಹಾಡುಗಳಿಗೆ ದೊಡ್ಡ ವಂಶವೇ ಇದೆ. 1967ರಲ್ಲಿ ರೆಡ್ ಸೊವೈನ್ 'ಫ್ಯಾಂಟಮ್ 309' ಹಾಡಿದ. ರಸ್ತೆಬದಿ ನಿಂತವನಿಗೆ ಲಾರಿ ಡ್ರೈವರ್ ಒಬ್ಬ ಲಿಫ್ಟ್ ಕೊಡುತ್ತಾನೆ, ಆ ಡ್ರೈವರ್ ಯಾವತ್ತೋ ಸತ್ತಿದ್ದಾನೆ ಅಂತ ಆಮೇಲೆ ತಿಳಿಯುತ್ತದೆ. ಅದಕ್ಕೂ ಮುಂಚೆ 1961ರಲ್ಲಿ ಜಿಮ್ಮಿ ಡೀನ್ 'ಬಿಗ್ ಬ್ಯಾಡ್ ಜಾನ್' ಹಾಡಿದ್ದ. ಕುಸಿಯುವ ಗಣಿಯಲ್ಲಿ ತೊಲೆ ಹೊತ್ತು ನಿಂತು ಉಳಿದವರನ್ನೆಲ್ಲ ಹೊರಗೆ ಕಳಿಸುವ ದೈತ್ಯನ ಕತೆ. ಈ ಎರಡನ್ನೂ ಸೇರಿಸಿ ಕಾಡಿಗೆ ತಂದು ಬಿಟ್ಟರೆ ಕ್ಯಾಮಫ್ಲಾಜ್. ರಿಡ್ಜ್‌ವೇಗೆ ತಾನು ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು.

ಶೆಟ್ಟರ್_ಡೌನ್
ಲಾರಿ ದೆವ್ವದ ಹಾಡನ್ನು ಟಾಮ್ ವೇಟ್ಸ್ ಕೂಡ ಹೇಳಿದ್ದಾನೆ, 1975ರ ಲೈವ್ ಆಲ್ಬಂನಲ್ಲಿ. ಅದನ್ನೂ ಕೇಳಿ.

ಗುರಿಗಾರ
ಒಂದು ತಾಂತ್ರಿಕ ಆಕ್ಷೇಪ. ಹಾಡಿನ ಕತೆ ನಡೆಯುವುದು 65ರಲ್ಲಿ. ಮರೀನ್ ಪಡೆ ಡಾ ನಾಂಗ್ ತೀರಕ್ಕೆ ಇಳಿದದ್ದು ಆ ವರ್ಷದ ಮಾರ್ಚ್‌ನಲ್ಲಿ. ಆಗ ಅವರ ಕೈಯಲ್ಲಿ ಇದ್ದದ್ದು ಎಂ-14. ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಹೆಸರು ಕೆಡಿಸಿಕೊಂಡ ಬಂದೂಕು ಎಂ-16. ಗುಂಡಿನ ಮದ್ದು ಬದಲಾಯಿಸಿದರು, ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಸ್ವಚ್ಛ ಮಾಡುವ ಸಾಮಾನು ಸಾಕಷ್ಟು ಕೊಡಲಿಲ್ಲ. ಆ ಗಲಾಟೆ ಎದ್ದದ್ದು 1966-67ರಲ್ಲಿ. ಹಾಗಾಗಿ 65ರಲ್ಲಿ ಬಂದೂಕು ಜಾಮ್ ಆಗುವುದು ಸ್ವಲ್ಪ ಅನುಮಾನವೇ.

ಶೆಟ್ಟರ್_ಡೌನ್
ಸತ್ತವನು ತಾಳೆಮರ ಕೀಳುತ್ತಾನೆ ಅಂದಾಗ ಸುಮ್ನಿದ್ದು ಬಂದೂಕಿನ ಮಾಡೆಲ್ ನಂಬರ್ ಕೇಳುತ್ತಿದ್ದೀರಲ್ಲ ಗುರುಗಳೇ 🙏

ಗುರಿಗಾರ
ದೆವ್ವಕ್ಕೆ ವಿನಾಯಿತಿ ಇದೆ. ಬಂದೂಕಿಗೆ ಇಲ್ಲ. ಎಂ-14 ಜಾಮ್ ಆಗುವುದೇ ಇಲ್ಲ ಅಂತಲೂ ನಾನು ಹೇಳಲಿಲ್ಲ, ಸರಿಯಾಗಿ ಓದಿ.

ಮೆಟಲ್‌ಮಗ
ಒಂದ್ನಿಮಿಷ. ಕ್ಯಾಮಫ್ಲಾಜ್ ಸಬಾಟನ್ ಹಾಡಲ್ವಾ?? ಸ್ವೀಡನ್ನಿನವರು, ಬರೀ ಯುದ್ಧದ ಹಾಡು ಮಾಡುವ ಬ್ಯಾಂಡ್. ನಾನು ಕೇಳಿದ್ದು ಅವರದ್ದನ್ನೇ.

ಮೌತ್‌ಆರ್ಗನ್_ಮಾಮ
ಅವರದ್ದು ಕವರ್, ತಮ್ಮ. 2016ರ 'ದಿ ಲಾಸ್ಟ್ ಸ್ಟ್ಯಾಂಡ್' ಆಲ್ಬಂಗೆ ಬೋನಸ್ ಆಗಿ ಹಾಕಿದ್ದರು. ಮೂಲ ರಿಡ್ಜ್‌ವೇಯದ್ದು, ಅದಕ್ಕಿಂತ ಮೂವತ್ತು ವರ್ಷ ಹಳೆಯದು.

ಮೆಟಲ್‌ಮಗ
ಈಗಷ್ಟೇ ಮೂಲ ಕೇಳಿದೆ. ಇವನು ಹಾಡುತ್ತಿದ್ದಾನೋ ಟೀ ಅಂಗಡಿಯಲ್ಲಿ ಕೂತು ಮಾತಾಡುತ್ತಿದ್ದಾನೋ? ಮೂಗಿನಲ್ಲೇ ಎಲ್ಲ. ಸಬಾಟನ್‌ದು ಎದೆಗೆ ಗುದ್ದುತ್ತದೆ, ಇದು ಗುದ್ದುವುದಿಲ್ಲ.

ಹಿಂದಿನಸೀಟು
ಗುದ್ದದೇ ಇರುವುದೇ ಅದರ ಗುಣ ಮಾರಾಯಾ. ಸಬಾಟನ್ ಹಾಡಿದಾಗ ಅದು ಪೂರ್ತಿ ವೀರಗಾಥೆ ಆಗುತ್ತದೆ. ಗಾಯಕನಿಗೂ ಆ ವೀರನ ಮೇಲೆ ಭಕ್ತಿ, ನಮಗೂ ಭಕ್ತಿ, ಮುಗಿಯಿತು. ರಿಡ್ಜ್‌ವೇ ಆ ತುಟಿಯಂಚಿನ ದನಿಯಲ್ಲಿ ಹೇಳಿದಾಗ ಒಂದು ಸಣ್ಣ ಅನುಮಾನ ಉಳಿಯುತ್ತದೆ. ಈ ಸಿಪಾಯಿ ನಿಜ ಹೇಳುತ್ತಿದ್ದಾನಾ? ಹೆದರಿ ಏನೇನೋ ಕಂಡನಾ? ಅಥವಾ ಬಾರಿನಲ್ಲಿ ಕೂತು ಇನ್ನೊಂದು ಪೆಗ್ ಗಿಟ್ಟಿಸಲು ಬಿಡುತ್ತಿದ್ದಾನಾ?

ಎಳೆ ಶುರು ಮಾಡಿದವರ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಎರಡನೇ ಸಲ ಕೇಳುವಾಗ ದೆವ್ವದ ಮೇಲೆ ಗಮನ ಇಡಬೇಡಿ, ಹೇಳುವವನ ಮೇಲೆ ಇಡಿ. ಈ ಆಲ್ಬಂನಲ್ಲಿ ಮಾತಾಡುವವರು ನೋಡಿ, ಒಬ್ಬನಾದರೂ ಪೂರ್ತಿ ನಂಬಬಹುದಾದ ಮನುಷ್ಯ ಇದ್ದಾನಾ? ಸೇಲ್ಸ್‌ಮನ್‌ನ ಬಾಯಿ ಕೇಳಿದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು ಅನಿಸುತ್ತದೆ. ಪತ್ತೇದಾರ ಇಡೀ ಹಾಡು ಹುಡುಕುತ್ತಾನೆ, ಬೇಕಾದವನು ಯಾವಾಗಲೂ ಒಂದು ಹೆಜ್ಜೆ ಮುಂದೆ. 'ಡ್ರೈವ್ ಶಿ ಸೆಡ್' ಅಂತೂ ನನ್ನ ಪ್ರಕಾರ ಇಡೀ ಆಲ್ಬಂನ ಅತ್ಯುತ್ತಮ ಹಾಡು. ಟ್ಯಾಕ್ಸಿ ಹತ್ತಿದವಳು ಬ್ಯಾಂಕ್ ದೋಚಿ ಬಂದಿದ್ದಾಳೆ, ಕೈಯಲ್ಲಿ ಬಂದೂಕು, 'ಓಡಿಸು' ಅನ್ನುತ್ತಾಳೆ. ಇಂಥ ಹೊತ್ತಿನಲ್ಲಿ ಹೆದರಬೇಕಾದವನ ದನಿಯಲ್ಲಿ ಹೆದರಿಕೆಗಿಂತ ಆಸೆಯೇ ಜಾಸ್ತಿ. ದಿನಾ ಬೇರೆಯವರು ಹೇಳಿದ ಕಡೆಗೆ ಗಾಡಿ ತಿರುಗಿಸುವವನಿಗೆ ಮೊದಲ ಸಲ ತನ್ನ ಬದುಕಿನಲ್ಲೂ ಏನೋ ನಡೆಯುತ್ತಿದೆ ಅನಿಸಿದೆ. ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ನಮಗೇ ಕೇಳಿಸುತ್ತದೆ. ನಾನು ಐದಾರು ವರ್ಷ ಕ್ಯಾಬ್ ಓಡಿಸಿದವನು. ಹಿಂದಿನ ಸೀಟಿನ ಮಾತು ಕೇಳಿಸಿಯೂ ಕೇಳಿಸದ ಹಾಗೆ ಇರುವುದೇ ಅರ್ಧ ಕೆಲಸ. ಲಾಸ್ ಏಂಜಲೀಸಿನಲ್ಲಿ ಕೂತವನಿಗೆ ಅದು ಹೇಗೆ ಗೊತ್ತಾಯಿತೋ!

ಪ್ಯಾರಾ_ಪದ್ಮ
ಹಿಂದಿನಸೀಟು ಅವರೇ, ನಿಮ್ಮ ಕ್ಯಾಬಿಗೆ ಬ್ಯಾಂಕ್ ದೋಚಿದವರು ಯಾರೂ ಹತ್ತಲಿಲ್ವಾ 😄

ಹಿಂದಿನಸೀಟು
ಚಿಲ್ಲರೆ ಕೊಡದವರು ಬೇಕಾದಷ್ಟು ಮಂದಿ ಹತ್ತಿದ್ದಾರೆ.

ಕೆಂಪುಶಾಯಿ
ಎಲ್ಲರೂ ದೆವ್ವ, ತಾಳೆಮರ ಅಂತ ಖುಷಿಯಲ್ಲಿದ್ದೀರಿ. ಆ ತಾಳೆಮರದ ಏಟು ತಿಂದವರು ಯಾರು? ಅವರಿಗೆ ಹೆಸರಿಲ್ಲ, ಮುಖ ಇಲ್ಲ. 1986ರ ಅಮೆರಿಕ ಅಂದರೆ ರ‍್ಯಾಂಬೋ ಹಿಂದಿನ ವರ್ಷವಷ್ಟೇ ವಿಯೆಟ್ನಾಂಗೆ ವಾಪಸ್ ಹೋಗಿ ಎಲ್ಲರನ್ನೂ ಕೊಚ್ಚಿ ಬಂದಿದ್ದ ಕಾಲ. ಸೋತ ಯುದ್ಧವನ್ನು ಪರದೆ ಮೇಲೆ ಗೆಲ್ಲುವ ಚಟ. ಈ ಹಾಡೂ ಅದೇ ಸಾಲಿನದ್ದು. ಇದನ್ನು ಮುಗ್ಧ ಜಾನಪದ ಅಂತ ಮಾರಬೇಡಿ.

ಮೌತ್‌ಆರ್ಗನ್_ಮಾಮ
ಅದೇ ಸಾಲಿನದ್ದಾಗಿದ್ದರೆ ಅಮೆರಿಕದಲ್ಲೇ ಗೆಲ್ಲಬೇಕಿತ್ತು. ಅಲ್ಲಿ ಗೆಲ್ಲಲಿಲ್ಲ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ತಮ್ಮದಲ್ಲದ ಯುದ್ಧದ ಹಾಡನ್ನು ಬ್ರಿಟಿಷರು ಕೊಂಡುಕೊಂಡರು, ತಮ್ಮದೇ ಯುದ್ಧದ ಹಾಡನ್ನು ಅಮೆರಿಕನ್ನರು ಬಿಟ್ಟರು.

ಕೆಂಪುಶಾಯಿ
ಎಲ್ಲಿ ಮಾರಾಟ ಆಯಿತು ಅನ್ನುವುದಕ್ಕೂ ಹಾಡು ಏನು ಹೇಳುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. ಕೇಳಿದ್ದು ಇಷ್ಟೇ, ಅದರಲ್ಲಿ ವ್ಯಂಗ್ಯ ಎಲ್ಲಿದೆ ತೋರಿಸಿ.

ಹಿಂದಿನಸೀಟು
ದನಿಯಲ್ಲಿ.

ಕೆಂಪುಶಾಯಿ
ದನಿಯಲ್ಲಿ ಅಂದುಬಿಟ್ಟರೆ ಯಾವ ಹಾಡನ್ನು ಬೇಕಾದರೂ ಬಚಾವ್ ಮಾಡಬಹುದು.

ಹಿಂದಿನಸೀಟು
ಸರಿ, ಇನ್ನೊಂದು ಹೇಳುತ್ತೇನೆ. ಆ ಮರೀನ್ ಗುಡಾರದಲ್ಲಿ ವಾರದಿಂದ ಬಿದ್ದಿದ್ದ, ನಿನ್ನೆ ರಾತ್ರಿ ಸತ್ತ ಅಂತ ಕ್ಯಾಂಪಿನವರು ಹೇಳುತ್ತಾರೆ. ಸಾಯುವ ಮುಂಚೆ ಅವನಿಗೆ ಇದ್ದದ್ದು ಒಂದೇ ಆಸೆ, ಯಾವನಾದರೂ ಎಳೆ ಹುಡುಗನನ್ನು ಉಳಿಸಬೇಕು ಅಂತ. ಯುದ್ಧ ಗೆಲ್ಲಬೇಕು ಅಂತ ಅಲ್ಲ. ಅವನ ಕೊರಳಿನ ಬಿಲ್ಲೆಯನ್ನು ಈ ಹುಡುಗನ ಕೈಗೆ ಕೊಡುತ್ತಾರೆ, ಒಂದು ಪ್ರಾರ್ಥನೆ ಹೇಳುತ್ತಾರೆ. ಬಾವುಟ ಇಲ್ಲ, ಪದಕ ಇಲ್ಲ. ರ‍್ಯಾಂಬೋಗೆ ಇಷ್ಟರಲ್ಲಿ ಸಮಾಧಾನ ಆಗುತ್ತಿತ್ತಾ?

ಕೆಂಪುಶಾಯಿ
ಪದಕ ಇಲ್ಲ ಅಂತ ಒಪ್ಪುತ್ತೇನೆ. ತಾಳೆಮರದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಸಿಂಥ್_ಸಿದ್ದ
ಇದು ನ್ಯೂ ವೇವಾ ಅನ್ನುವ ಎರಡನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟೇಬಿಟ್ಟಿರಿ.

ವಾಲ್ ಆಫ್ ವೂಡೂ ಹುಟ್ಟಿದ್ದು ಬ್ಯಾಂಡ್ ಆಗಿ ಅಲ್ಲ. 1977ರ ಸುಮಾರಿಗೆ ರಿಡ್ಜ್‌ವೇ ಹಾಲಿವುಡ್‌ನಲ್ಲಿ ಆಕ್ಮಿ ಸೌಂಡ್‌ಟ್ರ್ಯಾಕ್ಸ್ ಅಂತ ಕಂಪನಿ ತೆರೆದಿದ್ದ. ಚಿಲ್ಲರೆ ಬಜೆಟ್ಟಿನ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವ ಕಂಪನಿ. ಎದುರಿಗೇ ಮಾಸ್ಕ್ ಅನ್ನುವ ಪಂಕ್ ಕ್ಲಬ್. ಆ ಕ್ಲಬ್ಬಿಗೆ ಬರುತ್ತಿದ್ದವರ ಜೊತೆ ಸೇರಿ ಬ್ಯಾಂಡ್ ಆಯಿತು. ಹೆಸರೂ ತಮಾಷೆಯಿಂದ ಬಂದದ್ದೇ, ಹಾಡುಗಳ ನಿರ್ಮಾಪಕ ಫಿಲ್ ಸ್ಪೆಕ್ಟರ್‌ನ 'ವಾಲ್ ಆಫ್ ಸೌಂಡ್' ಶೈಲಿಯನ್ನು ಅಣಕಿಸಿ ಇಟ್ಟದ್ದು. ಅಂದರೆ ಸಿನಿಮಾ ಸಂಗೀತ ಮೊದಲು, ಪಂಕ್ ಆಮೇಲೆ. ಕೌಬಾಯ್ ಸಿನಿಮಾ ಕೇಳಿದ ಹಾಗಾಯಿತು ಅಂದಿರಲ್ಲ, ಆಗಲೇಬೇಕು. ಮಾರ್ಕ್ ಮೋರ್ಲೆಂಡ್‌ನ ಗಿಟಾರ್ ಇಟಾಲಿಯನ್ ವೆಸ್ಟರ್ನ್ ಸಿನಿಮಾದಿಂದ ಇಳಿದು ಬಂದ ಹಾಗೆ ಟಂಯ್ ಅನ್ನುತ್ತಿತ್ತು. ಅದರ ಕೆಳಗೆ ಅಗ್ಗದ ಡ್ರಮ್ ಮಷೀನ್ ಟಿಕ್ಕಿಟಿಕ್ಕಿ. ಜೋ ನನೀನಿ ಅಡುಗೆಮನೆಯ ಪಾತ್ರೆಗಳನ್ನೂ ಬಿಡದೆ ಬಡಿಯುತ್ತಿದ್ದ. ಜಾನಿ ಕ್ಯಾಶ್‌ನ 'ರಿಂಗ್ ಆಫ್ ಫೈರ್' ಅನ್ನು 1980ರಲ್ಲಿ ಇವರು ಮಾಡಿದ್ದು ಕೇಳಿ. ಮದುವೆಮನೆ ಹಾಡು ಶವಾಗಾರದ ಹಾಡಾಗಿದೆ.

ಕತೆಗಾರ ಹಳೆಯ ಕಾಲದವನು, ಯಂತ್ರ ಹೊಸ ಕಾಲದ್ದು. ಆಲ್ಬಂನ ಹೆಸರು ಕೂಡ ಫ್ರಿಟ್ಜ್ ಲ್ಯಾಂಗ್‌ನ 1953ರ ಅಪರಾಧ ಸಿನಿಮಾದ್ದು. ಆ ಕಪ್ಪು-ಬಿಳುಪು ಲೋಕಕ್ಕೆ ಸಿಂಥ್ ಹಾಕಿ ಕೂರಿಸಿದ್ದಾನೆ. ನ್ಯೂ ವೇವ್ ಅಂದರೆ ಬರೀ ಕುಣಿಯುವ ಕೀಬೋರ್ಡು ಅಂತ ಯಾರು ಹೇಳಿದರು?

ಬಡಗುತಿಟ್ಟು
'ರಿಂಗ್ ಆಫ್ ಫೈರ್' ಮದುವೆಮನೆ ಹಾಡಾ? ಹತ್ತಿ ಉರಿಯುತ್ತಿದ್ದೇನೆ ಅಂತ ಹಾಡುವುದನ್ನು ಯಾವ ಮದುವೆಯಲ್ಲಿ ಹಾಕುತ್ತಾರೆ?

ಸಿಂಥ್_ಸಿದ್ದ
ನೀವು ನನ್ನ ಸೋದರಮಾವನ ಮಗನ ಮದುವೆಗೆ ಬಂದಿರಲಿಲ್ಲ.

ಪ್ಯಾರಾ_ಪದ್ಮ
'ಮೆಕ್ಸಿಕನ್ ರೇಡಿಯೋ' ಈ ಆಲ್ಬಂನಲ್ಲೇ ಇದೆಯಲ್ವಾ? ನನಗೆ ಅದೊಂದೇ ಗೊತ್ತು.

ಸಿಂಥ್_ಸಿದ್ದ
ಇಲ್ಲ. ಅದು ಬ್ಯಾಂಡಿನದ್ದು, 1982ರ 'ಕಾಲ್ ಆಫ್ ದಿ ವೆಸ್ಟ್' ಆಲ್ಬಂ. ಗಡಿಯಾಚೆ ಮೆಕ್ಸಿಕೋದಿಂದ ಭಾರೀ ಶಕ್ತಿಯ ರೇಡಿಯೋ ಸ್ಟೇಷನ್‌ಗಳು ಕೇಳಿಸುತ್ತಿದ್ದವು, ಅದರ ಮೇಲೆ ಕಟ್ಟಿದ ಹಾಡು. ಎಂಟಿವಿ ಅದನ್ನು ಪದೇಪದೇ ಹಾಕಿತು. ಆದರೂ ಅಮೆರಿಕದ ಪಟ್ಟಿಯಲ್ಲಿ 58ಕ್ಕೆ ನಿಂತಿತು.

ಆಪಲ್‌ಕಾಯಿ
ಆಮೇಲೆ 1983ರ 'ಅಸ್' ಫೆಸ್ಟಿವಲ್. ಆ ಉತ್ಸವಕ್ಕೆ ದುಡ್ಡು ಹಾಕಿದ್ದು ಆಪಲ್‌ನ ಸ್ಟೀವ್ ವೋಜ್ನಿಯಾಕ್! ಸ್ಯಾನ್ ಬರ್ನಾರ್ಡಿನೋ ಹತ್ತಿರದ ಬಯಲಿನಲ್ಲಿ ಒಂದು ದಿನವನ್ನೇ ನ್ಯೂ ವೇವ್‌ಗೆ ಮೀಸಲಿಟ್ಟಿದ್ದರು. ಅವತ್ತಿನ ಕೊನೆಯ ಬ್ಯಾಂಡ್ ದಿ ಕ್ಲ್ಯಾಶ್. ವಾಲ್ ಆಫ್ ವೂಡೂ ಕೂಡ ಅದೇ ದಿನ ನುಡಿಸಿತು. ಅದಾದ ಮೇಲೆ ರಿಡ್ಜ್‌ವೇ ಬ್ಯಾಂಡ್ ಬಿಟ್ಟ. ಇಂಜಿನಿಯರ್ ಒಬ್ಬ ಕಂಪ್ಯೂಟರಿನಲ್ಲಿ ಗಳಿಸಿ ಸಂಗೀತದಲ್ಲಿ ಕಳೆದ ಕತೆ ನನಗೆ ಬಹಳ ಇಷ್ಟ. ನಮ್ಮ ಸ್ಟಾರ್ಟಪ್ ಮಂದಿ ಯಾರಾದರೂ ಹೀಗೆ ದುಡ್ಡು ಕಳೆಯಬಾರದಾ?

ಗುರಿಗಾರ
ನಮ್ಮವರು ಸೈಟು ತಗೊಳ್ಳುತ್ತಾರೆ.

ಆಪಲ್‌ಕಾಯಿ
ಆ ಸೈಟಿನಲ್ಲಿ ಒಂದು ಸ್ಟೇಜ್ ಹಾಕಿದರೂ ಸಾಕು.

ಕತ್ತಲೆಕೋಣೆ
ಸೈಟಿನ ಮಾತಿಗೆ ಬೇರೆ ಎಳೆ ಮಾಡಿಕೊಳ್ಳಿ, ದಮ್ಮಯ್ಯ. ಸಿದ್ದ ಹೇಳಿದ್ದು ಒಪ್ಪುತ್ತೇನೆ, ಅರ್ಧ. ಬ್ಯಾಂಡ್ ನ್ಯೂ ವೇವ್, ಸರಿ. ಆದರೆ ಸೋಲೋ ಆಲ್ಬಂನಲ್ಲಿ ಆ ಪಾತ್ರೆ ಬಡಿತ ಎಲ್ಲಿದೆ? ನುಣುಪು ಜಾಸ್ತಿ ಆಯಿತು.

ಸಿಂಥ್_ಸಿದ್ದ
ನುಣುಪು ಹೌದು. 86ರ ಸ್ಟುಡಿಯೋ ವಾಸನೆ ಕೆಲವು ಕಡೆ ಮೂಗಿಗೆ ಬಡಿಯುತ್ತದೆ. 'ಪೈಲ್ ಡ್ರೈವರ್' ಬಂದರೆ ನಾನು ಮುಂದಿನ ಹಾಡಿಗೆ ಹೋಗುತ್ತೇನೆ. ಆದರೆ 'ವಾಕಿನ್ ಹೋಮ್ ಅಲೋನ್' ಕೇಳಿ ನೋಡಿ. ಒಬ್ಬನೇ ಮನೆಗೆ ನಡೆಯುತ್ತಿದ್ದಾನೆ, ಅಷ್ಟೇ ಕತೆ. ದೆವ್ವ ಇಲ್ಲ, ಬಂದೂಕು ಇಲ್ಲ, ಕೊನೆಗೆ ಗುಟ್ಟೂ ಇಲ್ಲ. ಕತೆ ಗೊತ್ತಾದ ಮೇಲೆ ಹಾಡು ಸತ್ತುಹೋಗುತ್ತದೆ ಅನ್ನುತ್ತೀರಲ್ಲ, ಇದರಲ್ಲಿ ಗೊತ್ತಾಗಲು ಏನೂ ಇಲ್ಲ. ಈ ಆಲ್ಬಂನಲ್ಲಿ ನಾನು ಅತಿ ಹೆಚ್ಚು ಕೇಳಿದ್ದು ಇದನ್ನೇ.

ಕತ್ತಲೆಕೋಣೆ
ನೋಡಿ, ನೀವೇ ನನ್ನ ಪಕ್ಷಕ್ಕೆ ಬಂದಿರಿ. ಕತೆ ಕಮ್ಮಿ ಆದಷ್ಟೂ ಹಾಡು ಬಾಳುತ್ತದೆ ಅಂತಲೇ ನಾನೂ ಹೇಳುತ್ತಿರುವುದು.

ಸಿಂಥ್_ಸಿದ್ದ
ನಾನು ಯಾರ ಪಕ್ಷಕ್ಕೂ ಬರಲಿಲ್ಲ.

ಬಂದರು_ಬೀದಿ
ನನ್ನ ಮಾವ ದಮ್ಮಾಮ್‌ನಲ್ಲಿ ಇದ್ದರು. ರಜೆಗೆ ಬಂದಾಗ ತರುತ್ತಿದ್ದ ಇಂಗ್ಲಿಷ್ ಹಾಡಿನ ಕ್ಯಾಸೆಟ್‌ಗಳಲ್ಲಿ ಒಂದರಲ್ಲಿ 'ಕ್ಯಾಮಫ್ಲಾಜ್' ಇತ್ತು. ಹೊದಿಕೆ ಮೇಲೆ ಹಾಡುಗಾರನ ಹೆಸರೇ ಇರಲಿಲ್ಲ. ನಮಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೌತ್ ಆರ್ಗನ್ ಕೇಳಿ ಇದು ಕುದುರೆ ಮೇಲೆ ಹೋಗುವವರ ಹಾಡು ಅಂತ ತೀರ್ಮಾನ ಮಾಡಿದ್ದೆವು. ತಮ್ಮ ಮತ್ತು ನಾನು ಕೋಲು ಹಿಡಿದು ಅಂಗಳದಲ್ಲಿ ಕುದುರೆ ಓಡಿಸುತ್ತಿದ್ದೆವು. ಎಷ್ಟೋ ವರ್ಷ ಆದ ಮೇಲೆ ಪದಗಳು ಅರ್ಥವಾದವು. ಆಗ ಮಜಾ ಕಮ್ಮಿ ಆಗಲಿಲ್ಲ, ಜಾಸ್ತಿಯೇ ಆಯಿತು. ಹಾಗಾಗಿ ಕತೆ ಗೊತ್ತಾದರೆ ಹಾಡು ಮುಗಿಯಿತು ಅನ್ನುವುದು ನನ್ನ ಮಟ್ಟಿಗೆ ಸುಳ್ಳು. ಕತೆ ಗೊತ್ತಿಲ್ಲದೆಯೇ ನಾವು ಅದನ್ನು ಟೇಪು ಸವೆಯುವ ತನಕ ಕೇಳಿದ್ದೇವೆ.

ಮೌತ್‌ಆರ್ಗನ್_ಮಾಮ
ಇದು ಮಾತು! ಆ ಮೌತ್ ಆರ್ಗನ್ ನುಡಿಸುವುದೂ ಅವನೇ. 1983ರಲ್ಲಿ ಪೊಲೀಸ್ ಬ್ಯಾಂಡಿನ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲೆಂಡ್ ಜೊತೆ ಸೇರಿ ಕೊಪ್ಪೊಲಾನ 'ರಂಬಲ್ ಫಿಶ್' ಸಿನಿಮಾಕ್ಕೆ 'ಡೋಂಟ್ ಬಾಕ್ಸ್ ಮಿ ಇನ್' ಮಾಡಿದನಲ್ಲ, ಅದನ್ನೂ ಹುಡುಕಿ. ಬ್ಯಾಂಡಿಗೂ ಸೋಲೋ ಆಲ್ಬಂಗೂ ನಡುವಿನ ಸೇತುವೆ ಅದು. ಕೋಪ್‌ಲೆಂಡ್‌ನ ಅಣ್ಣ ಮೈಲ್ಸ್‌ನದೇ ಐಆರ್‌ಎಸ್ ರೆಕಾರ್ಡ್ ಕಂಪನಿ. ಈ ಆಲ್ಬಂ ಬಂದದ್ದೂ ಅಲ್ಲಿಂದಲೇ, ಆರ್‌ಇಎಂ ಬ್ಯಾಂಡ್ ಕೂಡ ಆಗ ಅಲ್ಲೇ ಇತ್ತು.

ಶೆಟ್ಟರ್_ಡೌನ್
ಅವನು ಹೋದ ಮೇಲೆ ಬ್ಯಾಂಡ್ ಮುಚ್ಚಿತಾ?

ಸಿಂಥ್_ಸಿದ್ದ
ಇಲ್ಲ, ಆಂಡಿ ಪ್ರೀಬಾಯ್ ಬಂದ. 1985ರ 'ಸೆವೆನ್ ಡೇಸ್ ಇನ್ ಸ್ಯಾಮಿಸ್‌ಟೌನ್' ಒಳ್ಳೆಯ ಆಲ್ಬಂ, ಸುಮ್ನೆ ತಳ್ಳಿಹಾಕಬೇಡಿ. ಆದರೆ ಹಳೇ ಜನ ಮತ್ತೆ ಒಟ್ಟಾಗುವ ಕತೆ ಮುಗಿದಿದೆ. ನನೀನಿ 2000ದಲ್ಲಿ, ಮಾರ್ಕ್ ಮೋರ್ಲೆಂಡ್ 2002ರಲ್ಲಿ ತೀರಿಕೊಂಡರು.

ಮೆಟಲ್‌ಮಗ
ಅಪ್‌ಡೇಟ್: ಪೂರ್ತಿ ಆಲ್ಬಂ ಕೇಳಿದೆ. ಕ್ಯಾಮಫ್ಲಾಜ್ ವಿಷಯದಲ್ಲಿ ಈಗಲೂ ಸಬಾಟನ್ ಪರ. ಆದರೆ ಟ್ಯಾಕ್ಸಿ ಹಾಡು ಎರಡು ಸಲ ಹಾಕಿದೆ. ಸೇಲ್ಸ್‌ಮನ್ ಹಾಡಿಗೆ ನಮ್ಮ ಆಫೀಸಿನ ಒಬ್ಬರ ಮುಖ ನೆನಪಾಗಿ ನಗು ಬಂತು. ಮುಂದೆ ಏನು ಕೇಳಲಿ?

ಹಿಂದಿನಸೀಟು
'ಮಸ್ಕೀಟೋಸ್', 1989. ಅದರಲ್ಲಿ 'ಪೆಗ್ ಅಂಡ್ ಪೀಟ್ ಅಂಡ್ ಮಿ' ಹಾಕು. ಮೂರು ಜನ, ಒಂದು ಕೊಲೆ. ಹೇಳುವವನ ಮಾತು ಮತ್ತೆ ನಂಬುವ ಹಾಗಿಲ್ಲ.

ಸಿಂಥ್_ಸಿದ್ದ
ಅದಕ್ಕಿಂತ 1991ರ 'ಪಾರ್ಟಿಬಾಲ್' ಮೊದಲು. 'ಐ ವಾನ್ನ ಬಿ ಎ ಬಾಸ್' ಆಫೀಸಿನವರಿಗೇ ಬರೆದ ಹಾಗಿದೆ.

ಹಿಂದಿನಸೀಟು
ಮೊದಲು 'ಮಸ್ಕೀಟೋಸ್'. 'ಪಾರ್ಟಿಬಾಲ್'ನಲ್ಲಿ ಕತೆಗಾರ ಕಮ್ಮಿ, ಜೋಕು ಜಾಸ್ತಿ.

ಸಿಂಥ್_ಸಿದ್ದ
ನಿಮಗೆ ಹೆಣ ಬೀಳದಿದ್ದರೆ ಅದು ಕತೆಯೇ ಅಲ್ಲ ಅನಿಸುತ್ತದೆ.

ಗುರಿಗಾರ
ಕೊಲೆ ಯಾವುದರಿಂದ? ಬಂದೂಕು ಇದ್ದರೆ ಮಾಡೆಲ್ ಹೇಳಿ.